ಮಲೆನಾಡಿನ ಚಳಿಯಲ್ಲಿ ಏಂಜಲ್ ಮೀನು ಸಾಕುವುದು ಹೇಗೆ

ಟ್ಯಾಂಕ್ ಇಡುವಾಗ ಎಲ್ಲರೂ ಕರೆಂಟ್ ಇರುವ ದಿನದ ಲೆಕ್ಕ ಹಾಕುತ್ತಾರೆ. ಮೂಡಿಗೆರೆ ಕಡೆ ಇದ್ದುಕೊಂಡು ಏಂಜಲ್ ಮೀನು ಸಾಕುತ್ತೇನೆ ಅನ್ನುವವರು ಕರೆಂಟ್ ಇಲ್ಲದ ದಿನದ ಲೆಕ್ಕ ಹಾಕಬೇಕು. ಲೈನ್‌ಮನ್ ಕೆಲಸ ಮಾಡಿ ರಿಟೈರ್ ಆದವನು ನಾನು. ಪುಷ್ಯ ಮಳೆಯ ಗಾಳಿಗೆ ಸಿಲ್ವರ್ ಮರ ತಂತಿ ಮೇಲೆ ಮಲಗಿತು ಅಂದರೆ ಕರೆಂಟ್ ಯಾವಾಗ ಬರುತ್ತದೆ ಎಂದು ಕಂಬ ಹತ್ತಿದವನೂ ಹೇಳಲಾರ. ಇಂಥ ಊರಿನಲ್ಲಿ ಬೆಚ್ಚನೆ ನೀರು ಕೇಳುವ ಮೀನು ಸಾಕುವುದು ಹುಚ್ಚು ಎಂದು ನಮ್ಮನೆಯವಳು ಇವತ್ತಿಗೂ ಅನ್ನುತ್ತಾಳೆ. ಆದರೆ ನೀರಿನ ವಿಷಯದಲ್ಲಿ ನಮ್ಮಷ್ಟು ಅನುಕೂಲ ಬಯಲುಸೀಮೆಯವರಿಗಿಲ್ಲ. ಇಲ್ಲಿ ಮೀನು ಸತ್ತರೆ ಬಹುಪಾಲು ಚಳಿಗೆ, ಇಲ್ಲವೇ ಕರೆಂಟಿಗೆ. ಎರಡಕ್ಕೂ ದಾರಿ ಇದೆ.

ಅದರ ಊರಿನ ನೀರು

ಅಂಗಡಿಯಲ್ಲಿ ಏಂಜಲ್ ಎಂದು ಸಿಗುವುದು ಹೆಚ್ಚಾಗಿ ಟೆರೊಫಿಲಮ್ ಸ್ಕೇಲಾರೆ ಎಂಬ ಜಾತಿಯಿಂದ ಬೆಳೆಸಿದ ತಳಿಗಳು. ಮೂಲ ಸೀಮೆ ದಕ್ಷಿಣ ಅಮೆರಿಕ: ಬ್ರೆಜಿಲ್, ಪೆರು, ಕೊಲಂಬಿಯಾ ದೇಶಗಳಲ್ಲಿ ಹರಡಿರುವ ಅಮೆಜಾನ್ ನದಿ ಮತ್ತು ಅದರ ಉಪನದಿಗಳು. ನಮ್ಮ ಕೆರೆಗಳಲ್ಲಿ ಸಿಗುವ ಜಿಲೇಬಿ ಮೀನೂ ಇದೂ ಒಂದೇ ಸಿಕ್ಲಿಡ್ ಕುಟುಂಬ. ನೋಡಲು ಸಂಬಂಧವೇ ಇಲ್ಲ ಅನ್ನಿಸುತ್ತದೆ. ಆದರೆ ಜಾಗಕ್ಕಾಗಿ ಜಗಳ ಆಡುವುದರಲ್ಲಿ, ಮರಿ ಕಾಯುವುದರಲ್ಲಿ ಅಣ್ಣತಮ್ಮಂದಿರೇ.

ಶೃಂಗೇರಿಗೆ ಹೋದವರು ತುಂಗೆಯ ಮೆಟ್ಟಿಲ ಬಳಿ ದೇವರ ಮೀನು ನೋಡಿರುತ್ತೀರಿ. ದುಂಡನೆ ಗಟ್ಟಿ ಮೈ, ಹರಿವಿಗೆ ಎದುರು ನಿಲ್ಲುವ ಬಲ. ಅದು ಹರಿಯುವ ತಂಪು ನೀರಿನ ಮೀನು. ಏಂಜಲ್ ಅದಕ್ಕೆ ತದ್ವಿರುದ್ಧ. ಅಮೆಜಾನ್ ಸೀಮೆಯಲ್ಲಿ ಮಳೆಗಾಲಕ್ಕೆ ನದಿ ಉಕ್ಕಿ ಕಾಡಿನೊಳಗೆ ತಿಂಗಳುಗಟ್ಟಲೆ ನೀರು ನಿಲ್ಲುತ್ತದೆ. ಆ ನಿಂತ ನೀರಿನಲ್ಲಿ, ಬೇರು, ಜೊಂಡು, ಬಿದ್ದ ಕೊಂಬೆಗಳ ಸಂದಿಯಲ್ಲಿ ಇದರ ವಾಸ. ಮೈ ಎಷ್ಟು ಚಪ್ಪಟೆ ಎಂದರೆ ಎರಡು ಕಡ್ಡಿಗಳ ನಡುವೆ ನುಸುಳುತ್ತದೆ. ಮೈಮೇಲಿನ ಕಪ್ಪು ಪಟ್ಟೆಗಳು ಮೇಲಿಂದ ಕೆಳಕ್ಕೆ ಇರುವುದೂ ಅದಕ್ಕೇ; ನೆಟ್ಟಗೆ ನಿಂತ ಕಡ್ಡಿಗಳ ನೆರಳಿನಲ್ಲಿ ಮೀನು ಕಾಣುವುದಿಲ್ಲ. ಬಿದ್ದ ಎಲೆ, ಮರ ಕೊಳೆತು ಕೆಲವು ಉಪನದಿಗಳ ನೀರು ನಮ್ಮ ಎರಡನೇ ಡಿಕಾಕ್ಷನ್ ಬಣ್ಣಕ್ಕೆ ತಿರುಗಿರುತ್ತದೆ. ಆ ನೀರಿನಲ್ಲಿ ಖನಿಜ ಕಡಿಮೆ, ಹುಳಿ ಹೆಚ್ಚು, ವರ್ಷವಿಡೀ ಬೆಚ್ಚಗೆ.

ಇಷ್ಟು ಗೊತ್ತಾದರೆ ಟ್ಯಾಂಕಿನ ಅರ್ಧ ಕೆಲಸ ಮುಗಿಯಿತು. ಎತ್ತರದ ಟ್ಯಾಂಕ್, ಹರಿವು ಕಡಿಮೆ, ನೆಟ್ಟಗೆ ನಿಲ್ಲುವ ಗಿಡ ಮತ್ತು ಬೇರು, ಮೆದು ನೀರು, 25ರಿಂದ 28 ಡಿಗ್ರಿ. ಅಂಗಡಿಯ ಮೀನು ತಲೆತಲಾಂತರದಿಂದ ತೊಟ್ಟಿಯಲ್ಲೇ ಹುಟ್ಟಿದ್ದರಿಂದ ಪಿಎಚ್ (ನೀರಿನ ಹುಳಿ ಅಳೆಯುವ ಅಂಕಿ, 7ಕ್ಕಿಂತ ಕೆಳಗಿದ್ದರೆ ಹುಳಿ) 6ರಿಂದ 7.5ರವರೆಗೂ ತಡೆಯುತ್ತದೆ. ಅಂಕಿಗಿಂತ ಮುಖ್ಯ, ಅದು ದಿನದಿಂದ ದಿನಕ್ಕೆ ಕುಣಿಯಬಾರದು.

ಟ್ಯಾಂಕ್ ಮತ್ತು ಅದರ ಜಾಗ

ಬೆಳೆದ ಏಂಜಲ್ ಉದ್ದಕ್ಕೆ ಆರು ಇಂಚು, ರೆಕ್ಕೆ ಸೇರಿ ಎತ್ತರಕ್ಕೆ ಅದಕ್ಕಿಂತ ಹೆಚ್ಚು. ಒಂದೂವರೆ ಅಡಿಗಿಂತ ಕಡಿಮೆ ಎತ್ತರದ ಟ್ಯಾಂಕ್ ಬೇಡ. ನನ್ನ ಆಯ್ಕೆ ಮೂರು ಅಡಿ ಉದ್ದ, ಒಂದೂಕಾಲು ಅಡಿ ಅಗಲ, ಒಂದೂವರೆ ಅಡಿ ಎತ್ತರ. ಕಂಠದವರೆಗೆ ತುಂಬಿಸದಿದ್ದರೆ ಸುಮಾರು 140 ಲೀಟರ್ ಹಿಡಿಯುತ್ತದೆ. ಗಾಜು, ಮರಳು, ಕಬ್ಬಿಣದ ಸ್ಟ್ಯಾಂಡ್ ಸೇರಿದರೆ ಭಾರ ಎರಡು ಕ್ವಿಂಟಾಲ್ ಹತ್ತಿರ ಹೋಗುತ್ತದೆ. ಹಳೆ ಮನೆಯ ಉಪ್ಪರಿಗೆಯ ಹಲಗೆ ನೆಲದ ಮೇಲೆ ಇಡುವ ಯೋಚನೆ ಇದ್ದರೆ ಇಲ್ಲೇ ಬಿಡಿ.

ಚಿಕ್ಕದು ಸಾಕಲ್ಲವೇ ಎಂದು ಕೇಳುವವರಿಗೆ ನನ್ನ ಉತ್ತರ ಕರೆಂಟಿನ ಲೆಕ್ಕದಲ್ಲಿದೆ. ನೂರು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 116 ವಾಟ್-ಅವರ್ ಬೇಕು. ಅಷ್ಟೇ ಶಾಖ ಹೊರಗೆ ಹೋದ ಮೇಲೆಯೇ ಆ ನೀರು ಒಂದು ಡಿಗ್ರಿ ಇಳಿಯುವುದು. ನೀರು ಹೆಚ್ಚಿದ್ದಷ್ಟೂ ತಣಿಯುವುದು ನಿಧಾನ. ಇಪ್ಪತ್ತು ಲೀಟರಿನ ಡಬ್ಬಿ ಡಿಸೆಂಬರ್ ರಾತ್ರಿ ಬೆಳಗಾಗುವುದರೊಳಗೆ ಕೋಣೆಯ ಚಳಿಗೆ ಬಂದು ನಿಲ್ಲುತ್ತದೆ.

ಟ್ಯಾಂಕನ್ನು ಹೊರಗೋಡೆಗೆ ಒತ್ತಿ ಇಡಬೇಡಿ, ಮಳೆಗಾಲದಲ್ಲಿ ಆ ಗೋಡೆ ಒದ್ದೆಯಾಗಿ ತಣ್ಣಗಿರುತ್ತದೆ. ಕಿಟಕಿಯ ಬಿಸಿಲೂ ಬೇಡ, ಪಾಚಿ ಹಿಡಿಯುತ್ತದೆ. ಬಚ್ಚಲ ಒಲೆಯ ಗೋಡೆಗೆ ತಾಗಿದ ಒಳಕೋಣೆ ಇದ್ದರೆ ಅದೇ ಸ್ವರ್ಗ, ಹೊಗೆ ಮಾತ್ರ ನುಗ್ಗಬಾರದು. ಸೊಳ್ಳೆ ಬತ್ತಿ, ಪ್ಲಗ್ಗಿಗೆ ಹಾಕುವ ಸೊಳ್ಳೆ ದ್ರಾವಣ, ಜಿರಳೆ ಸ್ಪ್ರೇ ಯಾವುದನ್ನೂ ಆ ಕೋಣೆಯಲ್ಲಿ ಬಳಸಬೇಡಿ. ಅವುಗಳಲ್ಲಿರುವ ಪೈರೆಥ್ರಾಯ್ಡ್ ಮೀನಿಗೆ ಘೋರ ವಿಷ, ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ.

ಮಳೆನೀರು, ಬಾವಿನೀರು, ಮೈಲುತುತ್ತ

ಚಿಕ್ಕಮಗಳೂರು ಪೇಟೆಯವರಿಗೆ ನಲ್ಲಿಯಲ್ಲಿ ಬರುವುದು ಯಗಚಿ, ಹಿರೇಕೊಳಲೆ ನೀರು. ಅದರಲ್ಲಿ ಕ್ಲೋರಿನ್ ಇರುತ್ತದೆ. ಅಗಲ ಬಾಯಿಯ ಡ್ರಮ್ಮಿಗೆ ತುಂಬಿ ಒಂದು ದಿನ ಗಾಳಿ ಊದಿಸಿ, ಹೋಗುತ್ತದೆ. ಕಡೂರು, ಅರಸೀಕೆರೆ ಕಡೆಯ ಬೋರ್ ನೀರು ಗಡಸು. ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟುವ ನೀರು ಅದು. ಅಲ್ಲಿಯವರು ಮಳೆನೀರು ಹಿಡಿದಿಟ್ಟು ಬೆರೆಸದೆ ಬೇರೆ ದಾರಿಯಿಲ್ಲ. ಮಲೆನಾಡಿನ ತೆರೆದ ಬಾವಿಯ ನೀರು ಸಾಮಾನ್ಯವಾಗಿ ಮೆದು, ಸ್ವಲ್ಪ ಹುಳಿ ಕಡೆಗೇ ಇರುತ್ತದೆ.

ನಾನು ಅರ್ಧ ಬಾವಿನೀರು, ಅರ್ಧ ಮಳೆನೀರು ಬಳಸುತ್ತೇನೆ. ಪೂರ್ತಿ ಮಳೆನೀರೇ ಹಾಕೋಣ, ಅಮೆಜಾನ್ ಆಗಿಬಿಡಲಿ ಎಂದು ಹೊರಡಬೇಡಿ. ಅದರಲ್ಲಿ ಖನಿಜ ಇಲ್ಲವೆನ್ನುವಷ್ಟು ಕಡಿಮೆ. ಮೀನಿನ ಕಸದಿಂದ ಹುಟ್ಟುವ ಹುಳಿಯನ್ನು ತಡೆದುಕೊಳ್ಳುವ ಶಕ್ತಿ ಅದಕ್ಕಿಲ್ಲ, ಪಿಎಚ್ ಇದ್ದಕ್ಕಿದ್ದಂತೆ ಬಿದ್ದುಬಿಡುತ್ತದೆ. ಬಾವಿನೀರು ಆ ಕುಸಿತಕ್ಕೆ ಅಡ್ಡ ನಿಲ್ಲುತ್ತದೆ.

ಮಳೆನೀರು ಹಿಡಿಯುವುದಾದರೆ ಮೊದಲ ಮಳೆಗಳನ್ನು ಬಿಡಿ, ಹೆಂಚಿನ ಮೇಲಿನ ಧೂಳು, ಹಕ್ಕಿಯ ಹಿಕ್ಕೆ ತೊಳೆದು ಹೋಗಲಿ. ಆರಿದ್ರಾ ಹಿಡಿದ ಮೇಲೆ ಸಾಕು. ಮಂಗಳೂರು ಹೆಂಚಿನ ಮಾಡು ಒಳ್ಳೆಯದು. ಸತು ಲೇಪಿಸಿದ ಹೊಸ ಶೀಟಿನ ನೀರು ಬೇಡ, ಮೆದು ನೀರಿನಲ್ಲಿ ಸತು ಮೀನಿನ ಕಿವಿರು ಸುಡುತ್ತದೆ.

ಈಗ ನಮ್ಮ ಸೀಮೆಗೇ ಸೇರಿದ ಅಪಾಯ. ಮಳೆ ಹಿಡಿಯುವ ಮೊದಲು ಅಡಿಕೆಗೆ, ಕಾಫಿಗೆ ಬೋರ್ಡೋ ಹೊಡೆಯುತ್ತಾರೆ, ಅಂದರೆ ಮೈಲುತುತ್ತ ಮತ್ತು ಸುಣ್ಣ. ಮೈಲುತುತ್ತದಲ್ಲಿರುವ ತಾಮ್ರ ಮೀನಿಗೆ ವಿಷ, ಮೆದು ನೀರಿನಲ್ಲಂತೂ ಚೂರೇ ಸಾಕು. ಬೋರ್ಡೋ ಕಲಸಿದ ಡ್ರಮ್ಮನ್ನು ಎಷ್ಟು ತೊಳೆದರೂ ಮೀನಿನ ನೀರಿಗೆ ಬಳಸಬೇಡಿ. ತೋಟದೊಳಗಿಂದ ಹರಿದುಬರುವ ಹಳ್ಳದ ನೀರು ಸ್ಫಟಿಕದ ಹಾಗೆ ಕಂಡರೂ ತರಬೇಡಿ. ತಾಮ್ರದ ಹಂಡೆಯಲ್ಲಿ ನಿಂತ ನೀರೂ ಬೇಡ. ನಮ್ಮಜ್ಜಿಯ ಕಾಲದ ತಾಮ್ರದ ಹಂಡೆ ಮನುಷ್ಯರ ಸ್ನಾನಕ್ಕೆ ಇರಲಿ.

ಒಳಗೆ ಏನೇನು

ತಳಕ್ಕೆ ಹೊಳೆ ಮರಳು, ತೊಳೆದ ನೀರು ತಿಳಿಯಾಗುವವರೆಗೆ ತೊಳೆದು, ಎರಡು ಇಂಚು. ಎಂ-ಸ್ಯಾಂಡಿನ ಹುಡಿ ನೀರನ್ನು ಕದಡುತ್ತಲೇ ಇರುತ್ತದೆ. ಕಲ್ಲು ಇಡುವುದಾದರೆ ಮೇಲೆ ನಿಂಬೆರಸ ಹಿಂಡಿ ನೋಡಿ. ನೊರೆ ಎದ್ದರೆ ಸುಣ್ಣದ ಕಲ್ಲು, ನೀರನ್ನು ಗಡಸು ಮಾಡುತ್ತದೆ.

ಮರದ ಬೇರಿಗಾಗಿ ಅಂಗಡಿಗೆ ದುಡ್ಡು ಸುರಿಯುವವರನ್ನು ನೋಡಿದರೆ ನನಗೆ ನಗು. ಕಿತ್ತು ಒಣಗಿಸಿದ ಕಾಫಿ ಬೊಡ್ಡೆಗಿಂತ ಚೆಂದದ ಬೇರು ಯಾವುದಿದೆ? ಕವಲು ಕವಲಾಗಿ, ಗಟ್ಟಿಯಾಗಿ, ಏಂಜಲ್ ನುಸುಳಲು ಹೇಳಿ ಮಾಡಿಸಿದ್ದು. ಒಂದು ಎಚ್ಚರಿಕೆ: ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕ ಬರುತ್ತದೆಂದು ಕಾಂಡಕ್ಕೆ ಕೀಟನಾಶಕ ಬಳಿಯುವುದುಂಟು. ಏನೂ ಬಳಿದಿಲ್ಲ ಎಂದು ತೋಟದವರೇ ಖಾತ್ರಿ ಕೊಟ್ಟ ಬೊಡ್ಡೆ ಮಾತ್ರ ತನ್ನಿ. ತೊಗಟೆ ಪೂರ್ತಿ ಕೆತ್ತಿ, ಕುದಿಸಿ, ಮುಳುಗುವವರೆಗೆ ಬಕೆಟ್ಟಿನಲ್ಲಿ ನೆನೆಹಾಕಿ, ನೀರು ಬದಲಿಸುತ್ತಿರಿ. ವಾರಗಳೇ ಹಿಡಿದಾವು. ಟ್ಯಾಂಕಿಗೆ ಹಾಕಿದ ಮೇಲೆ ಮೈಮೇಲೆ ಬಿಳಿ ಲೋಳೆ ಬಂದರೆ ಹೆದರಬೇಡಿ, ತಾನಾಗಿ ಹೋಗುತ್ತದೆ.

ಶಾಲೆ ಅಂಗಳದ ಕಾಡುಬಾದಾಮಿ ಮರದಿಂದ ತಾನಾಗಿ ಬಿದ್ದು ಒಣಗಿದ ಎಲೆ ಎರಡು ಮೂರು ಆಯ್ದು ತೊಳೆದು ಹಾಕಿ. ನೀರಿಗೆ ಕಂದು ಬಣ್ಣ ಬರುತ್ತದೆ, ಮೀನು ನಿರಾಳವಾಗುತ್ತದೆ. ಮನೆಗೆ ಬಂದವರು “ನೀರು ಬದಲಿಸಿಲ್ಲವಾ?” ಎಂದು ಕೇಳುತ್ತಾರೆ, ಕೇಳಲಿ. ಗಿಡಗಳಲ್ಲಿ ವ್ಯಾಲಿಸ್ನೇರಿಯಾ ಮತ್ತು ಅಮೆಜಾನ್ ಸ್ವೋರ್ಡ್ ಸಾಕು.

ಫಿಲ್ಟರಿಗೆ ಸ್ಪಂಜು. ಐದಾರು ಸಾವಿರದ ಕ್ಯಾನಿಸ್ಟರ್ ಫಿಲ್ಟರ್ ಪಟ್ಟಣದವರಿಗೆ ಸರಿ. ಕರೆಂಟ್ ಹೋಗಿ ನೀರಿನ ಓಟ ನಿಂತರೆ ಮುಚ್ಚಿದ ಡಬ್ಬಿಯೊಳಗಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ತೀರಿ ಅವು ಸಾಯತೊಡಗುತ್ತವೆ, ಕರೆಂಟ್ ಬಂದಾಗ ಆ ಕೊಳೆ ಟ್ಯಾಂಕಿಗೇ ಬರುತ್ತದೆ. ಸ್ಪಂಜು ತೆರೆದ ನೀರಿನಲ್ಲೇ ಇರುವುದರಿಂದ ಹೆಚ್ಚು ಹೊತ್ತು ತಡೆಯುತ್ತದೆ, ಬ್ಯಾಟರಿಯ ಸಣ್ಣ ಏರ್ ಪಂಪಿಗೂ ಓಡುತ್ತದೆ. ಹರಿವೂ ಮಂದ.

ಎಲ್ಲ ಜೋಡಿಸಿದ ಮೇಲೆ ಮೀನು ತರಲು ಓಡಬೇಡಿ. ಮೀನಿನ ಕಸದಿಂದ ಅಮೋನಿಯಾ, ಅದನ್ನು ತಿಂದು ಒಂದು ಬಗೆಯ ಬ್ಯಾಕ್ಟೀರಿಯಾ ಮಾಡುವ ನೈಟ್ರೈಟ್, ಅದನ್ನು ಮತ್ತೊಂದು ಬಗೆ ನೈಟ್ರೇಟ್ ಮಾಡುತ್ತದೆ. ಮೊದಲ ಎರಡೂ ವಿಷ. ಈ ಬ್ಯಾಕ್ಟೀರಿಯಾಗಳು ಸ್ಪಂಜಿನಲ್ಲಿ ಮನೆ ಮಾಡಲು ನಾಲ್ಕರಿಂದ ಆರು ವಾರ ಬೇಕು, ನೀರು ತಣ್ಣಗಿದ್ದರೆ ಇನ್ನೂ ನಿಧಾನ. ಹೀಟರ್ ಹಾಕಿ, ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಉದುರಿಸುತ್ತಾ ಇರಿ. ಟೆಸ್ಟ್ ಕಿಟ್‌ನಲ್ಲಿ ಮೊದಲು ಅಮೋನಿಯಾ, ನೈಟ್ರೈಟ್ ಏರಿ, ಆಮೇಲೆ ಎರಡೂ ಸೊನ್ನೆಗೆ ಇಳಿದು ನೈಟ್ರೇಟ್ ಕಾಣಿಸಿದ ದಿನ ಮೀನು ತನ್ನಿ.

ಹೀಟರ್, ವೈರಿಂಗ್

ನನ್ನ ಹಳೇ ಕಸುಬಿನ ಮಾತು, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ. ಲೀಟರಿಗೆ ಒಂದು ವಾಟ್ ಎಂಬುದು ಒರಟು ಲೆಕ್ಕ. 140 ಲೀಟರಿಗೆ 150 ವಾಟ್, ಥರ್ಮೋಸ್ಟಾಟ್ ಇರುವಂಥದ್ದು. ಅದನ್ನು 26ಕ್ಕೆ ಇಡಿ, ಜೊತೆಗೆ ಬೇರೆ ಥರ್ಮಾಮೀಟರ್ ತೂಗುಹಾಕಿ. ಹೀಟರಿನ ಅಂಕಿಯನ್ನು ನಂಬಬೇಡಿ. ಹೀಟರ್ ದಿನದ ಅರ್ಧ ಹೊತ್ತು ಉರಿದರೆ 1.8 ಯೂನಿಟ್. ಬಿಲ್ಲು ಬಂದಾಗ ಮನೆಯಲ್ಲಿ ಏನು ಹೇಳಬೇಕೆಂದು ಈಗಲೇ ಯೋಚಿಸಿಡಿ.

ನೀರು ಮತ್ತು ಕರೆಂಟ್ ಒಂದೇ ಕಡೆ ಇವೆ ಎಂಬುದನ್ನು ಒಂದು ಗಳಿಗೆಯೂ ಮರೆಯಬೇಡಿ. ಆ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದೊಡನೆ ಲೈನ್ ಕಡಿಯುವ ಸ್ವಿಚ್, ಇರಲೇಬೇಕು, ಅರ್ಥಿಂಗ್ ಸರಿ ಇರಬೇಕು. ವೈರ್ ಪ್ಲಗ್ಗಿಗೆ ಹೋಗುವ ಮೊದಲು ಕೆಳಗೆ ಜೋತು ಮತ್ತೆ ಮೇಲೇರುವಂತೆ ಬಿಡಿ, ವೈರಿನ ಮೇಲೆ ಜಾರಿದ ನೀರು ಆ ಜೋತಿನಿಂದ ನೆಲಕ್ಕೆ ತೊಟ್ಟಿಕ್ಕಲಿ, ಪ್ಲಗ್ಗಿಗೆ ಹೋಗಬಾರದು. ಟ್ಯಾಂಕಿನೊಳಗೆ ಕೈ ಹಾಕುವ ಮೊದಲು ಪ್ಲಗ್ ಕಿತ್ತು ಕೈಯಲ್ಲಿ ಹಿಡಿದು ನೋಡಿ. ಬರೀ ಸ್ವಿಚ್ ಆಫ್ ಮಾಡಿದರೆ ಆಗದು. ನೀರು ಬದಲಿಸುವ ಕಾಲು ಗಂಟೆ ಮೊದಲೇ ಹೀಟರ್ ಆರಿಸಿ. ಬಿಸಿ ಹೀಟರ್ ನೀರಿನಿಂದ ಹೊರಗೆ ಬಂದರೆ ಗಾಜು ಸೀಳುತ್ತದೆ.

ಕರೆಂಟ್ ಹೋದಾಗ

ಮೊದಲ ಚಿಂತೆ ಚಳಿಯದ್ದಲ್ಲ, ಗಾಳಿಯದ್ದು. ಬ್ಯಾಟರಿ ಏರ್ ಪಂಪ್ ಒಂದನ್ನು, ಸೆಲ್ ಸಮೇತ, ಮೇ ತಿಂಗಳಲ್ಲೇ ತಂದಿಡಿ. ಅದೂ ಇಲ್ಲದಿದ್ದರೆ ಚೆಂಬಿನಲ್ಲಿ ಟ್ಯಾಂಕಿನ ನೀರನ್ನೇ ತೋಡಿ ಒಂದಡಿ ಎತ್ತರದಿಂದ ಸುರಿಯುತ್ತಿರಿ, ಗಂಟೆಗೊಮ್ಮೆ ಹತ್ತಿಪ್ಪತ್ತು ಚೆಂಬು.

ಹೀಟರನ್ನು ಇನ್ವರ್ಟರಿಗೆ ಸಿಕ್ಕಿಸಬೇಡಿ. 12 ವೋಲ್ಟಿನ 150 ಎ.ಎಚ್. (ಆಂಪಿಯರ್-ಅವರ್) ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವಾಟ್-ಅವರ್ ಇರುತ್ತದೆ. 150 ವಾಟ್ ಹೀಟರ್ ಬಿಡದೆ ಉರಿದರೆ ಅರ್ಧ ದಿನವೂ ಬಾರದು, ಮನೆಯ ದೀಪವೂ ಹೋಯಿತು. ಅದೇ ನಾಲ್ಕೈದು ವಾಟಿನ ಏರ್ ಪಂಪ್ ದಿನಗಟ್ಟಲೆ ಓಡುತ್ತದೆ. ಇನ್ವರ್ಟರ್ ಗಾಳಿಗೆ, ಶಾಖಕ್ಕೆ ಬೇರೆ ಉಪಾಯ.

ಟ್ಯಾಂಕಿನ ಹಿಂದೆ, ಎರಡು ಬದಿ, ತಳಕ್ಕೆ ಥರ್ಮೋಕೋಲ್ ಹಲಗೆ ಮೊದಲೇ ಕೂರಿಸಿರಿ. ಕರೆಂಟ್ ಹೋದ ತಕ್ಷಣ ಮುಂದಿನ ಗಾಜಿಗೂ ಮೇಲೂ ಕಂಬಳಿ ಹೊದಿಸಿ. ಗಾಳಿಗೆ ಒಂದು ಮೂಲೆ ಬಿಡಿ. ರಾತ್ರಿ ನೀರು 23ಕ್ಕಿಂತ ಕೆಳಗೆ ಜಾರುತ್ತಿದ್ದರೆ ಬಚ್ಚಲ ಹಂಡೆಯ ಬಿಸಿನೀರನ್ನು ಸ್ಟೀಲ್ ಬಾಟಲಿಗೆ ತುಂಬಿ, ಬಿರಡೆ ಬಿಗಿದು, ಟ್ಯಾಂಕಿನಲ್ಲಿ ತೇಲಿಬಿಡಿ. ಬಿಸಿನೀರನ್ನು ನೇರ ಸುರಿಯಬಾರದು. ಎರಡು ಲೀಟರಿನ ಬಾಟಲಿಯಲ್ಲಿ 60 ಡಿಗ್ರಿ ನೀರಿದ್ದರೆ ಅದು 140 ಲೀಟರನ್ನು ಅರ್ಧ ಡಿಗ್ರಿ ಏರಿಸುತ್ತದೆ, ಅಷ್ಟೇ. ನಾಲ್ಕು ಬಾಟಲಿಗೆ ಎರಡು ಡಿಗ್ರಿ. ಕಡಿಮೆ ಅನ್ನಿಸಬಹುದು, ಆದರೆ ಬೇಕಾಗಿರುವುದು ಇಳಿತವನ್ನು ತಡೆಯುವುದು. ಬೆಳೆದ ಏಂಜಲ್ ಒಂದು ರಾತ್ರಿ 21 ಡಿಗ್ರಿಯನ್ನು ತಡೆದುಕೊಂಡೀತು. ತಣ್ಣಗಾದ ಮೀನನ್ನು ಗಾಬರಿಯಲ್ಲಿ ಒಮ್ಮೆಲೇ ಬಿಸಿ ಮಾಡಿದರೆ ಹೆಚ್ಚು ಪೆಟ್ಟು. ನಮ್ಮ ತಮ್ಮನ ಮಗ ಒಮ್ಮೆ ಬಾಟಲಿ ತುಂಬಿಕೊಡುತ್ತಾ, “ದೊಡ್ಡಪ್ಪ, ನಮಗೆ ಸ್ನಾನಕ್ಕೆ ಉಳಿಯುತ್ತಾ?” ಎಂದು ಕೇಳಿದ. ಉಳಿಯಲಿಲ್ಲ.

ಕರೆಂಟ್ ಇಲ್ಲದಷ್ಟು ದಿನ ಆಹಾರ ಹಾಕಬೇಡಿ. ಬೆಳೆದ ಮೀನು ಕೆಲವು ದಿನ ಉಪವಾಸ ಇದ್ದರೆ ಏನೂ ಆಗದು, ಕೊಳೆತ ಆಹಾರದಿಂದ ಆಗುತ್ತದೆ. ಚಳಿ ಹೊಡೆದ ವಾರದೊಳಗೆ ಮೈಮೇಲೆ ಸಕ್ಕರೆ ಉದುರಿಸಿದಂಥ ಬಿಳಿ ಚುಕ್ಕೆ ಬಂದರೆ ಅದು ಪರೋಪಜೀವಿಯ ರೋಗ. ಉಷ್ಣವನ್ನು ದಿನಕ್ಕೆ ಒಂದೆರಡು ಡಿಗ್ರಿಯಂತೆ 30ಕ್ಕೆ ಏರಿಸಿ, ಗಾಳಿ ಹೆಚ್ಚಿಸಿ, ಬಿಳಿಚುಕ್ಕೆಗೆಂದೇ ಅಂಗಡಿಯಲ್ಲಿ ಸಿಗುವ ಔಷಧ ಹಾಕಿ.

ಮೀನು ತರುವುದು, ಉಣಿಸುವುದು

ಹಾಸನದಿಂದಲೋ ಬೆಂಗಳೂರಿನಿಂದಲೋ ತರುವುದಾದರೆ ಥರ್ಮೋಕೋಲ್ ಡಬ್ಬಿಯಲ್ಲಿ ತನ್ನಿ. ರೂಪಾಯಿ ನಾಣ್ಯದಷ್ಟು ಮೈ ಇರುವ ಮರಿ ಐದಾರು ಸಾಕು. ಗಂಡು ಹೆಣ್ಣು ಯಾವುದೆಂದು ಅಂಗಡಿಯವನು ಆಣೆ ಹಾಕಿದರೂ ನಂಬಬೇಡಿ. ಮೊಟ್ಟೆ ಇಡುವ ಕಾಲದಲ್ಲಿ ಹೊಟ್ಟೆಯಡಿ ಇಳಿಯುವ ನಳಿಕೆ ನೋಡಿಯೇ ಹೇಳಬೇಕು, ಹೆಣ್ಣಿಗೆ ಅಗಲ ಮೊಂಡು, ಗಂಡಿಗೆ ಸಪೂರ ಚೂಪು. ಚೀಲವನ್ನು ಇಪ್ಪತ್ತು ನಿಮಿಷ ತೇಲಿಬಿಟ್ಟು, ಐದೈದು ನಿಮಿಷಕ್ಕೆ ಲೋಟ ಲೋಟ ಟ್ಯಾಂಕಿನ ನೀರು ಸೇರಿಸಿ, ಮೀನನ್ನಷ್ಟೇ ಬಲೆಯಲ್ಲಿ ಎತ್ತಿ ಬಿಡಿ. ಚೀಲದ ನೀರು ಗಿಡಕ್ಕೆ.

ಜೊತೆಗೆ ನಿಯಾನ್ ಟೆಟ್ರಾ ಹಾಕಿದರೆ ಏಂಜಲ್ ದೊಡ್ಡದಾದ ಮೇಲೆ ಒಂದೊಂದಾಗಿ ಮಾಯವಾಗುತ್ತವೆ. ಟೈಗರ್ ಬಾರ್ಬ್ ಏಂಜಲ್‌ನ ರೆಕ್ಕೆ ಹರಿಯುತ್ತದೆ. ತಳದಲ್ಲಿ ಓಡಾಡುವ ಸಣ್ಣ ಮೀಸೆ ಮೀನು ಕೋರಿಡೋರಾಸ್ ಒಳ್ಳೆಯ ನೆರೆಯವ. ಗಾಜು ನೆಕ್ಕುತ್ತದೆಂದು ‘ಸಕ್ಕರ್’ ಮೀನು ತರಬೇಡಿ, ಒಂದಡಿಗಿಂತ ಹೆಚ್ಚು ಬೆಳೆದು ಟ್ಯಾಂಕ್ ಸಾಲದಾಗುತ್ತದೆ, ಆಮೇಲೆ ಜನ ಅದನ್ನು ಕೆರೆಗೆ ಬಿಡುತ್ತಾರೆ.

ಉಣಿಸಲು ಒಳ್ಳೆಯ ಗುಳಿಗೆ ಆಹಾರ, ವಾರಕ್ಕೆರಡು ಸಲ ಫ್ರೀಜ್ ಮಾಡಿದ ಬ್ಲಡ್‌ವರ್ಮ್ ಅಥವಾ ಹೆಚ್ಚಿದ ಎರೆಹುಳ. ಎರಡು ನಿಮಿಷದಲ್ಲಿ ಮುಗಿಯುವಷ್ಟೇ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ, ಹೊಸ ನೀರಿನ ಉಷ್ಣ ಹಳೆಯದಕ್ಕಿಂತ ಒಂದೆರಡು ಡಿಗ್ರಿಗಿಂತ ಆಚೀಚೆ ಇರಬಾರದು. ಇಲ್ಲೂ ಬಾಟಲಿ ಉಪಾಯವೇ.

ಮರಿಗಳು

ವರ್ಷದೊಳಗೆ ಎರಡು ಮೀನು ಒಂದು ಮೂಲೆ ಹಿಡಿದು ಉಳಿದವನ್ನು ಅಟ್ಟತೊಡಗಿದರೆ ಜೋಡಿಯಾಯಿತು. ಉಳಿದವಕ್ಕೆ ಬೇರೆ ಮನೆ ನೋಡಿ. ಜೋಡಿ ಒಂದು ಅಗಲ ಎಲೆಯನ್ನೋ ಫಿಲ್ಟರಿನ ಕೊಳವೆಯನ್ನೋ ಬಾಯಲ್ಲಿ ಉಜ್ಜಿ ಉಜ್ಜಿ ಶುಚಿ ಮಾಡುತ್ತದೆ, ಹೆಣ್ಣು ಸಾಲಾಗಿ ಮೊಟ್ಟೆ ಅಂಟಿಸುತ್ತದೆ, ಇಬ್ಬರೂ ಸರದಿಯಲ್ಲಿ ರೆಕ್ಕೆಯಿಂದ ಗಾಳಿ ಬೀಸುತ್ತಾರೆ. ಬೆಳ್ಳಗಾದ ಮೊಟ್ಟೆ ಸತ್ತದ್ದು. ಎರಡು ಮೂರು ದಿನಕ್ಕೆ ಒಡೆದು, ಇನ್ನೂ ನಾಲ್ಕೈದು ದಿನ ಎಲೆಗೇ ನೇತಾಡಿ, ಆಮೇಲೆ ಈಜುತ್ತವೆ. ಈಜಿದ ದಿನದಿಂದ ಆಗತಾನೇ ಒಡೆದ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿ) ಮರಿ ಬೇಕು, ದಿನಕ್ಕೆ ಮೂರ್ನಾಲ್ಕು ಸಲ. ಹೊಸ ಜೋಡಿ ಮೊದಲ ಕೆಲವು ಸಲ ತನ್ನ ಮೊಟ್ಟೆಯನ್ನೇ ತಿಂದುಹಾಕುವುದು ಸಾಮಾನ್ಯ. ಬೇಸರ ಬೇಡ, ಮೇವು ನೀರು ಸರಿಯಿದ್ದರೆ ಕೆಲವು ವಾರದಲ್ಲಿ ಮತ್ತೆ ಇಡುತ್ತದೆ.

ಮರಿ ಹೆಚ್ಚಾದವೆಂದು ಹೇಮಾವತಿಗೋ ಭದ್ರೆಗೋ ಊರಕೆರೆಗೋ ಬಿಡುವಂತಿಲ್ಲ. ಬದುಕಿದರೆ ನಮ್ಮ ಮೀನಿನ ಮರಿ ತಿನ್ನುತ್ತವೆ, ಸತ್ತರೂ ಟ್ಯಾಂಕಿನ ರೋಗ ಹೊಳೆಗೆ ಹೋಗುತ್ತದೆ. ಅಕ್ಕಪಕ್ಕದವರಿಗೆ ಕೊಡಿ, ಆದರೆ ಕೇಳಿದ ದಿನವೇ ಮರಿ ಕೊಡಬೇಡಿ. ಹೊಸ ಸ್ಪಂಜೊಂದನ್ನು ನಿಮ್ಮ ಟ್ಯಾಂಕಿನಲ್ಲೇ ಒಂದೂವರೆ ತಿಂಗಳು ಓಡಿಸಿ. ಅವರು ಟ್ಯಾಂಕ್ ಜೋಡಿಸಿ ನೀರು 26ಕ್ಕೆ ತಂದ ಮೇಲೆ ಸ್ಪಂಜನ್ನೂ ಮರಿಗಳನ್ನೂ ಒಟ್ಟಿಗೆ ಕಳಿಸಿ. ಸ್ಪಂಜು ದಾರಿಯಲ್ಲಿ ಒಣಗಬಾರದು, ಟ್ಯಾಂಕಿನ ನೀರಿನಲ್ಲೇ ಮುಳುಗಿಸಿ ಕೊಡಿ. ನಲ್ಲಿ ನೀರಿನಲ್ಲಿ ತೊಳೆಯಬೇಡಿ ಎಂದು ಎರಡು ಸಲ ಹೇಳಿ.